ಜಪಾನಿ ಶಾಲೆಯಲ್ಲಿ ಓದಕ್ಕೆ ಒದ್ದಾಡೋ ಮಗು: ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರ

ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಬಿಡುವಾದಾಗ ಕೇಳಿ. ನೀವು ಹೇಳಿದ್ದು ಇಷ್ಟು: ಮಗಳು ಜಪಾನಲ್ಲೇ ಹುಟ್ಟಿದವಳು, ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಜಪಾನಿ ಪಟಪಟ ಮಾತಾಡ್ತಾಳೆ, ಆದ್ರೆ ಹಿರಾಗಾನ (ಮಕ್ಕಳು ಮೊದಲು ಕಲಿಯೋ, ಉಚ್ಚಾರ ತೋರಿಸೋ ಲಿಪಿ) ಒಂದೊಂದೇ ಅಕ್ಷರ ಹುಡುಕ್ಕೊಂಡು ಓದ್ತಾಳೆ. ಇವತ್ತು ಬರೆದ ಕಾಂಜಿ (ಚೀನಾದಿಂದ ಬಂದ, ಅರ್ಥ ಸೂಚಿಸೋ ಅಕ್ಷರ) ನಾಳೆ ನೆನಪಿರಲ್ಲ. ಶಾಲೆಯವರು "ಮನೇಲಿ ಕನ್ನಡ ನಿಲ್ಲಿಸಿ" ಅಂದಿದ್ದಾರೆ.

ಕನ್ನಡ ನಿಲ್ಲಿಸಬೇಡಿ. ಎರಡು ಭಾಷೆ ಆಡೋದ್ರಿಂದ ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚೆನ್ನಾಗಿದ್ರೂ ಓದು-ಬರಹ ಮಾತ್ರ ಕಷ್ಟ ಆಗೋ ತೊಂದರೆ, ಬರಲ್ಲ. ಪದ ಗೊತ್ತಿಲ್ಲದೆ ಓದಿದ್ದು ಅರ್ಥ ಆಗದೇ ಇರೋದು ಒಂದು. ಮಾತಲ್ಲಿ ದಿನಾ ಬಳಸೋ ಪದವನ್ನೇ ಕಾಗದದ ಮೇಲೆ ಕಂಡಾಗ ತಡವರಿಸೋದು ಇನ್ನೊಂದು. ನಿಮ್ಮ ವಿವರಣೆ ಕೇಳಿದ್ರೆ ಎರಡನೇದೇ ಅನ್ಸತ್ತೆ. ಅದು ಕನ್ನಡ ಬಿಟ್ಟರೆ ಸರಿಹೋಗೋದಲ್ಲ.

"ಜಪಾನಿಯಲ್ಲಿ ಡಿಸ್ಲೆಕ್ಸಿಯಾ ಇರಲ್ಲ" ಅಂತ ಯಾರೋ ಈ ಗುಂಪಲ್ಲೇ ಹಾಕಿದ್ರಲ್ಲ, ಅದು ಬಹಳ ಹಳೇ ಮಾತು. 1968ರಲ್ಲಿ ಮಾಕಿತಾ ಅನ್ನೋ ಮನೋವೈದ್ಯರು ಶಿಕ್ಷಕರನ್ನ ಕೇಳಿ ಮಾಡಿದ ಸಮೀಕ್ಷೆಯಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಮಕ್ಕಳು ಸಿಕ್ಕಿದ್ರು. ಆಮೇಲೆ ಉನೊ ಅಕಿರಾ ಅನ್ನೋ ಸಂಶೋಧಕರು ಮತ್ತವರ ತಂಡ ಮಕ್ಕಳನ್ನೇ ಕೂರಿಸಿ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದ್ದು ಬೇರೆ ಚಿತ್ರ: ಹಿರಾಗಾನ ಓದೋದ್ರಲ್ಲಿ ತೊಂದರೆ ಶೇ. 0.2, ಕತಾಕಾನದಲ್ಲಿ (ಹೊರಭಾಷೆಯ ಪದ ಬರೆಯೋ ಲಿಪಿ) 1.4, ಕಾಂಜಿಯಲ್ಲಿ 6.9. ಕಾರಣ ಲಿಪಿಯಲ್ಲೇ ಇದೆ. ಹಿರಾಗಾನದಲ್ಲಿ ಮೂಲ ಅಕ್ಷರ 46, ಒಂದಕ್ಕೆ ಬಹುತೇಕ ಒಂದೇ ಉಚ್ಚಾರ. ಕಾಂಜಿ ಹಾಗಲ್ಲ. 'ಜೀವ, ಹುಟ್ಟು' ಅನ್ನೋ ಕಾಂಜಿ ಒಂದೇ, 'ಸೆನ್ಸೇ'ಯಲ್ಲಿ (ಶಿಕ್ಷಕರು) 'ಸೇ', 'ತಾಂಜೋಬಿ'ಯಲ್ಲಿ (ಹುಟ್ಟುಹಬ್ಬ) 'ಜೋ', ಒಂಟಿಯಾಗಿ ನಿಂತರೆ 'ನಾಮಾ' (ಹಸಿ). ಒಂದನೇ ತರಗತಿಗೆ 80 ಕಾಂಜಿ, ಎರಡಕ್ಕೆ 160, ಮೂರಕ್ಕೆ 200, ಆರು ಮುಗಿಯೋಷ್ಟರಲ್ಲಿ 1026. ಎಷ್ಟೋ ಮಕ್ಕಳು ಮೂರನೇ ತರಗತಿಗೆ ಬಂದಾಗಲೇ ಕುಸಿದು ಬೀಳೋದು ಇದಕ್ಕೇ.

ಇನ್ನೊಂದು, ಹಿರಾಗಾನ ತಪ್ಪಿಲ್ಲದೆ ಓದ್ತಾಳೆ ಅಂತ ಸಮಾಧಾನ ಪಟ್ಕೋಬೇಡಿ. ಈ ಲಿಪಿಯಲ್ಲಿ ತೊಂದರೆ ತಪ್ಪಿಗಿಂತ ನಿಧಾನದಲ್ಲಿ ಕಾಣತ್ತೆ. ಅದಕ್ಕೇ ಜಪಾನಿನ ವೈದ್ಯರ 2010ರ ಮಾರ್ಗಸೂಚಿ ಗಡಿಯಾರ ಇಟ್ಟು ನಾಲ್ಕು ರೀತಿ ಓದಿಸತ್ತೆ: ಬಿಡಿ ಅಕ್ಷರ, ಅರ್ಥ ಇರೋ ಪದ, ಅರ್ಥ ಇಲ್ಲದ ಪದ, ಸಣ್ಣ ವಾಕ್ಯ. ಎರಡು ಅಥವಾ ಹೆಚ್ಚು ಕಡೆ ಆ ತರಗತಿಯ ಸರಾಸರಿಗಿಂತ ತುಂಬಾ ಹಿಂದಿದ್ರೆ ಡಿಸ್ಲೆಕ್ಸಿಯಾ ಇರಬಹುದು ಅಂತ ಮುಂದೆ ನೋಡ್ತಾರೆ. ಅರ್ಥ ಇಲ್ಲದ ಪದ ಯಾಕೆ ಅಂದ್ರೆ, ಜಾಣ ಮಗು ಗೊತ್ತಿರೋ ಪದವನ್ನ ಊಹಿಸಿ ಮುಂದೆ ಹೋಗಿಬಿಡತ್ತೆ, ಇಲ್ಲಿ ಊಹೆಗೆ ದಾರಿನೇ ಇಲ್ಲ.

ಮನೇಲಿ ನೀವು ಗಮನಿಸಬಹುದಾದ್ದು: ವಾ-ನೆ-ರೆ, ನು-ಮೆ, ರು-ರೊ, ಸಾ-ಚಿ ಇವು ಅದಲುಬದಲಾಗ್ತಿದೆಯಾ? 'ಹಾ' ಅಕ್ಷರವನ್ನ ವಿಭಕ್ತಿ ಜಾಗದಲ್ಲಿ 'ವಾ' ಅಂತ ಓದಬೇಕು, ಅಲ್ಲಿ ನಿಲ್ತಾಳಾ? ಪಾಠವನ್ನ ಬಾಯಿಪಾಠ ಮಾಡಿ ಒಪ್ಪಿಸ್ತಿದ್ದಾಳಾ? ನಡುವಿನ ಒಂದು ಸಾಲನ್ನ ಬೆರಳಿಟ್ಟು ತೋರಿಸಿ ಓದಿಸಿ, ಗೊತ್ತಾಗತ್ತೆ. ಪುಸ್ತಕ ಬಿಟ್ಟು ಕಿವಿಯಲ್ಲೂ ನೋಡಿ: 'ತಮಾಗೊ' (ಮೊಟ್ಟೆ) ಉಲ್ಟಾ ಹೇಳು ಅಂದ್ರೆ 'ಗೊಮಾತ' ಬರಬೇಕು. ಕನ್ನಡದಲ್ಲೂ ಮಾಡಿ, 'ಕಮಲ'ದಲ್ಲಿ ನಡುವಿನ ಅಕ್ಷರ ತೆಗೆದ್ರೆ ಏನು? ಎರಡೂ ಭಾಷೆಯಲ್ಲಿ ಒದ್ದಾಟ ಇದ್ರೆ ಅದು ಮುಖ್ಯವಾದ ಸುಳಿವು, ಬರೆದಿಟ್ಕೊಳ್ಳಿ.

ಆದ್ರೆ ಇಲ್ಲೊಂದು ಎಚ್ಚರಿಕೆ, ಇದು ನಮ್ಮ ಮಕ್ಕಳಿಗೇ ವಿಶೇಷ. 'ಕಿತ್ತೆ' ಅಂದ್ರೆ ಅಂಚೆಚೀಟಿ. ಶಾಲೆಯಲ್ಲಿ ಇದಕ್ಕೆ ಮೂರು ಚಪ್ಪಾಳೆ: ಕಿ, ಒಂದು ಮೌನ, ತೆ. ಆ ಮೌನಕ್ಕೂ ಒಂದು ಸಣ್ಣ ಅಕ್ಷರ ಬರೀಬೇಕು. ಕನ್ನಡದ ಮಗು ಎರಡೇ ತಟ್ಟತ್ತೆ, ಯಾಕೆಂದ್ರೆ ನಮಗದು ಒತ್ತಕ್ಷರ ಸೇರಿ ಎರಡಕ್ಷರ. ಇದನ್ನೇ ದೋಷ ಅಂದ್ಕೋಬಾರದು. ನಮ್ಮ ಛಂದಸ್ಸಿನ ಮಾತ್ರೆ ಲೆಕ್ಕ ಹಾಕಿ, ಸರಿಹೋಗತ್ತೆ: ಒತ್ತಿನ ಹಿಂದಿನದು ಗುರು, ಎರಡು ಮಾತ್ರೆ, 'ತೆ' ಲಘು, ಒಂದು, ಒಟ್ಟು ಮೂರು. 'ತೋಕ್ಯೋ' (ನಾವು ಟೋಕಿಯೋ ಅನ್ನೋದು) ಎರಡು ಗುರು, ನಾಲ್ಕು ಚಪ್ಪಾಳೆ. 'ಒಬಸನ್' ಅತ್ತೆ-ಚಿಕ್ಕಮ್ಮ, ನಾಲ್ಕು. 'ಒಬಾಸನ್' ಅಜ್ಜಿ, ಐದು. ದೀರ್ಘ, ಒತ್ತು ನಮ್ಮ ಮಕ್ಕಳ ಕಿವಿಗೆ ಚೆನ್ನಾಗಿ ಗೊತ್ತು, ಬರವಣಿಗೆಯಲ್ಲಿ ಅದಕ್ಕೆ ಜಾಗ ಕೊಡೋದನ್ನ ಮಾತ್ರ ಕಲಿಸಬೇಕು. ಜಪಾನಿನ ಶಾಲೆಗಳಲ್ಲಿ ಕೈಸನ್ನೆ ಬಳಸ್ತಾರೆ: ಮಾಮೂಲಿ ಅಕ್ಷರಕ್ಕೆ ಚಪ್ಪಾಳೆ, ಮೌನಕ್ಕೆ ಮುಷ್ಟಿ, ದೀರ್ಘಕ್ಕೆ ಜೋಡಿಸಿದ ಕೈ ಕೆಳಗೆ ಎಳೆಯೋದು, 'ಕ್ಯ, ಶ್ಯ' ಥರದ್ದಕ್ಕೆ ಅಂಗೈ ತಿರುಚೋದು. 'ಬ್ಯೋಯಿನ್' ಆಸ್ಪತ್ರೆ, 'ಬಿಯೋಯಿನ್' ಬ್ಯೂಟಿ ಪಾರ್ಲರ್, ಇಂಥ ಜೋಡಿ ತಗೊಂಡು ಆಡಿಸಿ.

ದಿನದ ಅಭ್ಯಾಸಕ್ಕೆ ಐದು ನಿಮಿಷ ಸಾಕು, ಆದ್ರೆ ದಿನಾ. ಅಕ್ಷರದ ಕಾರ್ಡ್ ಕಲಸಿ, ಒಂದೊಂದಾಗಿ ತೋರಿಸಿ. ತಡೆದ್ರೆ ಕಾಯಬೇಡಿ, ತಕ್ಷಣ ಹೇಳಿಕೊಟ್ಟು ಅವಳಿಂದ ಹೇಳಿಸಿ. ಮೂರು ವಾರ ಹೀಗೆ. ಆಮೇಲೆ ಪದವನ್ನ ಒಂದೇ ಗುಕ್ಕಿಗೆ ಗುರುತಿಸೋ ಹಂತ: ಪಾಠದ ಹೊಸ ಪದ ಮೊದಲೇ ಆರಿಸಿ, ಅರ್ಥ ಹೇಳಿ, ಅವಳಿಂದ ಒಂದು ವಾಕ್ಯ ಮಾಡಿಸಿ, ಆಮೇಲೆ ಓದಿಸಿ. ತೊತ್ತೊರಿ ವಿಶ್ವವಿದ್ಯಾಲಯದ ಕೊಯೆದಾ ಅವರ ತಂಡ ರೂಪಿಸಿದ ಎರಡು ಹಂತ ಇದೇ, ಮೊದಲು ಅಕ್ಷರ ಬಿಡಿಸೋದು, ಆಮೇಲೆ ಪದ. ಮೊದಲನೇದು ಬಿಟ್ಟು ಪಾಠವನ್ನೇ ಹತ್ತು ಸಲ ಓದಿಸಿದ್ರೆ ಮತ್ತೆ ಬಾಯಿಪಾಠವೇ ಆಗೋದು. ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡಲ್ಲ, ಚಿಕ್ಕ ತರಗತಿಯ ಪುಸ್ತಕದಲ್ಲಿ ಮಾತ್ರ ಬಿಟ್ಟಿರ್ತಾರೆ, ಆಮೇಲೆ ಅದೂ ಹೋಗತ್ತೆ. ಪೆನ್ಸಿಲಲ್ಲಿ ಪದಗಳ ಮಧ್ಯೆ ಗೀಟು ಹಾಕಿಕೊಡಿ, ಒಂದೇ ಸಾಲು ಕಾಣೋ ಹಾಗೆ ರಟ್ಟಲ್ಲಿ ಕಿಂಡಿ ಕತ್ತರಿಸಿಡಿ.

ಕಾಂಜಿಯನ್ನ ಇಪ್ಪತ್ತು ಸಲ ಬರೆಸೋದು ದಯವಿಟ್ಟು ನಿಲ್ಲಿಸಿ. ಆ ಮಗುವಿಗೆ ಮೂರನೇ ಸಲದಿಂದ ಅದು ಬರೀ ಗೆರೆ, ಕೈ ನೋವು ಬಿಟ್ಟು ಏನೂ ಉಳಿಯಲ್ಲ. ಮೊದಲು ಓದು, ಬರವಣಿಗೆ ಆಮೇಲೆ. ಒಂಟಿ ಕಾಂಜಿ ಬೇಡ, ಪದದ ಒಳಗೇ ಇಡಿ. ಬಿಡಿಭಾಗಗಳನ್ನ ಮಾತಲ್ಲಿ ಹೇಳಿಸಿ: 'ಓಯಾ', ಅಂದ್ರೆ ಹೆತ್ತವರು, ಅದರಲ್ಲಿ 'ನಿಲ್ಲು', 'ಮರ', 'ನೋಡು' ಮೂರೂ ಇವೆ, ಮರದ ಮೇಲೆ ನಿಂತು ನೋಡೋರು ಅಂತ ಹೇಳ್ತಾ ಎರಡೇ ಸಲ ಬರೀಲಿ. ಕೇಳಿದ್ದು ಚೆನ್ನಾಗಿ ನೆನಪಿರೋ ಮಗುವಿಗೆ ಇದು ಬಹಳ ಹಿಡಿಸತ್ತೆ.

ಶಾಲೆಯಲ್ಲಿ ತರಗತಿ ಶಿಕ್ಷಕರ ಜೊತೆ ವಿಶೇಷ ಬೆಂಬಲದ ಕೋಆರ್ಡಿನೇಟರ್ ಇರ್ತಾರೆ, ಅವರನ್ನೂ ಸಭೆಗೆ ಕರೀರಿ. ಅದಕ್ಕೆ ಮುಂಚೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ವಾರ್ಡ್‌ನ ಶಿಕ್ಷಣ ಸಲಹಾ ಕೇಂದ್ರದ ಮೂಲಕ ಬುದ್ಧಿಮತ್ತೆ ಪರೀಕ್ಷೆ ಮತ್ತು ಓದು-ಬರಹದ ಪರೀಕ್ಷೆ ಕೇಳಿ. ಮನೇಲಿ ಕನ್ನಡ ಅನ್ನೋದನ್ನ ಪರೀಕ್ಷೆ ಮಾಡೋರಿಗೆ ಖಂಡಿತ ತಿಳಿಸಿ. ವಾರಕ್ಕೆ ಕೆಲವು ಗಂಟೆ ಪ್ರತ್ಯೇಕ ಕಲಿಕೆಯ 'ತ್ಸೂಕ್ಯೂ' ಕೊಠಡಿಗೆ 2006ರಿಂದ ಕಲಿಕಾ ತೊಂದರೆಯ ಮಕ್ಕಳೂ ಸೇರಬಹುದು. ಓದಿ ಹೇಳೋ, ಸಾಲು ಬಣ್ಣದಲ್ಲಿ ಕಾಣೋ ಡೇಸಿ ಪಠ್ಯಪುಸ್ತಕವನ್ನೂ ಕೇಳಿ, ಅಂಥ ಪುಸ್ತಕಗಳಿಗಾಗಿ 2008ರಲ್ಲಿ ಕಾನೂನೇ ಬಂದಿದೆ. ಕೊಟ್ಟ ಪ್ರತಿ ಸೌಲಭ್ಯವೂ ಲಿಖಿತವಾಗಿ ದಾಖಲಾಗಲಿ. ಮುಂದೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ 1.3 ಪಟ್ಟು ಸಮಯ ಕೇಳಬೇಕಾದ್ರೆ ಆ ದಾಖಲೆ ಕೈಯಲ್ಲಿರಬೇಕು.

ಕನ್ನಡ ಲಿಪಿ ಈಗಲೇ ಬೇಕಾ ಅಂದ್ರೆ, ನನ್ನ ಅಭಿಪ್ರಾಯ: ಮಾತು, ಕಥೆ, ಹಾಡು ಪೂರ್ತಿ ಇರಲಿ, ವರ್ಣಮಾಲೆ ಹಿರಾಗಾನ ಸಲೀಸಾದ ಮೇಲೆ. ಸಭೆಗೆ ಹೋಗುವಾಗ ಅವಳು ಓದಿದ್ದರ ಒಂದು ರೆಕಾರ್ಡಿಂಗ್, ಕಾಂಜಿ ನೋಟ್‌ಬುಕ್ ಎರಡನ್ನೂ ತಗೊಂಡು ಹೋಗಿ, ಶಾಲೆಯವರು ಏನಂದ್ರು ಅಂತ ಇಲ್ಲೇ ಹಾಕಿ.