ಅಪ್‌ಡೇಟ್: ಪಗಾರದಲ್ಲಿ ಹಿಡಿದ ಪಿಎಫ್ ಜಮಾ ಆಗದ ವಿಷಯ

ಹುಬ್ಬಳ್ಳಿಯ ತಾರಿಹಾಳದ ಒಂದು ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ತಿಂಗಳಾ ಪಗಾರದಲ್ಲಿ ಶೇ. 12 ಪಿಎಫ್ (ಭವಿಷ್ಯ ನಿಧಿ) ಹಿಡಿಯುತ್ತಾರೆ, ಪಾಸ್‌ಬುಕ್‌ನಲ್ಲಿ ಏನೂ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಹೆಚ್ಚಿನವರು ಸೀದಾ ದೂರು ಕೊಡಿ ಅಂದಿರಿ.

ನಾನು ಮೊದಲು ಮಾಲೀಕರ ಹತ್ತಿರವೇ ಹೋದೆ. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ಟೇಬಲ್ ಮೇಲಿಟ್ಟೆ. "ಗಿರಾಕಿ ಪಾರ್ಟಿ ಪೇಮೆಂಟ್ ಬಂದಿಲ್ಲೋ ತಮ್ಮಾ, ಬಂದಕೂಡ್ಲೆ ಕಟ್ಟತೇನಿ" ಅಂದರು.

"ಅದು ನಿಮ್ಮ ರೊಕ್ಕ ಅಲ್ರಿ ಸಾವ್ಕಾರ್ರ, ನಮ್ಮ ಪಗಾರದಾಗ ಹಿಡಿದದ್ದು" ಅಂದೆ. ಸುಮ್ಮನಾದರು.

ಹಿಡಿದ ದುಡ್ಡನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಲೇಬೇಕು. ಪಾರ್ಟಿ ದುಡ್ಡು ಕೊಟ್ಟರೋ ಬಿಟ್ಟರೋ, ಅದು ಲೆಕ್ಕಕ್ಕಿಲ್ಲ. ನನಗೆ ಜಾಸ್ತಿ ಉರಿದದ್ದು ಬೇರೆ. ಆಫೀಸಿನೊಳಗೆ ಕೂರುವವರದ್ದು ತಪ್ಪದೆ ಜಮಾ ಆಗಿತ್ತು, ಲೇಥ್ ಮುಂದೆ ನಿಲ್ಲುವ ನಮ್ಮದು ಮಾತ್ರ ಇಲ್ಲ!

ಕೊನೆಗೆ ನಾಲ್ಕು ಜನ ಸೇರಿ ಪಗಾರ ಚೀಟಿಗಳ ಝೆರಾಕ್ಸ್ ಹಿಡಿದು ನವನಗರದ ಪಿಎಫ್ ಆಫೀಸಿಗೆ ಹೋದೆವು. ಆನ್‌ಲೈನ್‌ನಲ್ಲೂ ದೂರು ಹಾಕಿದೆವು. ನೋಟಿಸ್ ಬಂದ ಮೇಲೆ ಹಳೇ ಬಾಕಿ ಜಮಾ ಆಗತೊಡಗಿದೆ. ಎರಡು ತಿಂಗಳದ್ದು ಇನ್ನೂ ಬರಬೇಕು.

ಕೆಲಸದಿಂದ ತೆಗೆದಿಲ್ಲ. ಮಾಲೀಕರ ಮಾತು ಮಾತ್ರ ಕಮ್ಮಿಯಾಗಿದೆ, ಇರಲಿ ಬಿಡಿ.