ತೊಗರಿ ರಾಶಿ ಧೂಳಿಗೆ ಅಲರ್ಜಿ ಮಾತ್ರೆ: ಒಂದು ಸಾಲದಿದ್ರೆ ಇನ್ನೊಂದು ನುಂಗಬಹುದಾ?

ಜೇವರ್ಗಿ ರೈತ: ತೊಗರಿ ರಾಶಿ ಶುರುವಾಗಿ ನಾಲ್ಕು ದಿನ ಆಯ್ತು. ಮಷಿನ್ ಹೊಟ್ಟು ಉಗುಳಿದ ಕೂಡಲೇ ನನಗೆ ಸೀನು, ಮೂಗಲ್ಲಿ ನೀರು, ಕಣ್ಣು ತುರಿಕೆ. ನಿನ್ನೆ ಬೆಳಗ್ಗೆ ಸಿಟ್ರಿಜಿನ್ 10 ಮಿ.ಗ್ರಾಂ ಅಲರ್ಜಿ ಮಾತ್ರೆ ನುಂಗಿದೆ. ಮಧ್ಯಾಹ್ನವಾದರೂ ಸೀನು ನಿಲ್ಲಲಿಲ್ಲ, ಮನೆಯಲ್ಲಿದ್ದ ನೆಗಡಿ ಮಾತ್ರೆಯನ್ನೂ ಹಾಕಿಕೊಂಡೆ. ಸಂಜೆ ಕಲಬುರಗಿ ರೋಡಲ್ಲಿ ಬೈಕ್ ಮೇಲೇ ಕಣ್ಣು ಮುಚ್ಚಿಹೋಯ್ತು. ಹಿಂದಿನ ಲಾರಿ ಹಾರ್ನ್ ಹೊಡೆದದ್ದಕ್ಕೆ ಬದುಕಿದೆ. ಒಂದು ಅಲರ್ಜಿ ಮಾತ್ರೆಗೆ ಇಷ್ಟು ನಿದ್ದೆನಾ?

ಬೀದರ್ ಮೆಡಿಕಲ್ ಶಾಪ್: ಒಂದಲ್ಲ ಅಣ್ಣಾ, ಎರಡು ನುಂಗಿದ್ದೀರಿ. ಆ ನೆಗಡಿ ಮಾತ್ರೆಯ ಹಿಂದೆ ಏನಿದೆ, ಓದಿ ನೋಡಿ.

ಜೇವರ್ಗಿ ರೈತ: ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಅಂಗಡಿಯವನು ಕತ್ತರಿಸಿ ಕೊಟ್ಟ ತುಂಡು, ಅರ್ಧ ಹೆಸರೇ ಇಲ್ಲ. ಪ್ಯಾರಾಸಿಟಮಾಲ್ ಕೆಳಗೆ 'ಫೆನಿರಮಿನ್ ಮೆಲಿಯೇಟ್ 2 ಮಿ.ಗ್ರಾಂ' ಅಂತ ಕಾಣುತ್ತೆ.

ಬೀದರ್ ಮೆಡಿಕಲ್ ಶಾಪ್: ಅದು ಕ್ಲೋರ್ಫೆನಿರಮಿನ್. ಅದೂ ಅಲರ್ಜಿ ಮಾತ್ರೆನೇ, ಹಳೆ ಕಾಲದ್ದು. ಮೆದುಳಿಗೂ ಹೋಗುತ್ತೆ, ಅದಕ್ಕೇ ತೂಕಡಿಕೆ. ಮೇಲೆ ಸಿಟ್ರಿಜಿನ್ ಬೇರೆ. ದೊಡ್ಡವರಿಗೆ ಅದು ದಿನಕ್ಕೆ ಒಂದೇ. ಸಾಲಲಿಲ್ಲ ಅಂತ ಇನ್ನೊಂದು ಸೇರಿಸಬಾರದು. ರಾತ್ರಿ ಒಂದು ಪೆಗ್ ಹಾಕುವವರಿಗಂತೂ ಇನ್ನೂ ಅಪಾಯ.

ಆಳಂದ ಮೇಷ್ಟ್ರು: ಸುಮ್ನೆ ಹೆದರಿಸ್ತೀರಿ. ಆ ಹಳೆ ಮಾತ್ರೆ ನಾನು ಹತ್ತು ವರ್ಷದಿಂದ ತಗೊಳ್ತಿದ್ದೀನಿ. ನಿದ್ದೆ ಚೆನ್ನಾಗಿ ಬರುತ್ತೆ, ಒಳ್ಳೆಯದೇ ಅಲ್ವಾ?

ಶಹಾಪುರ ಸೊಸೆ: ಮೇಷ್ಟ್ರೇ, ನಮ್ಮ ಮಾವನವರೂ ಹಾಗೇ ಹೇಳ್ತಿದ್ದರು. ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ, ದೊಡ್ಡದಾಗಿತ್ತು. ಎರಡು ದಿನ ನುಂಗಿದ ಮೇಲೆ ಮೂತ್ರ ಕಟ್ಟಿಕೊಂಡು, ಅರ್ಧ ರಾತ್ರಿಯಲ್ಲಿ ಆಸ್ಪತ್ರೆಗೆ ಓಡಿದೆವು. ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇದ್ದವರಿಗೂ ಆ ಹಳೆ ಮಾತ್ರೆ ಆಗದು ಅಂತ ಡಾಕ್ಟ್ರು ಅವತ್ತು ಹೇಳಿದರು.

ಆಳಂದ ಮೇಷ್ಟ್ರು: ಪ್ರಾಸ್ಟೇಟ್ ವಿಷಯ ಗೊತ್ತಿರಲಿಲ್ಲ ತಾಯಿ. ನನಗೂ ಅರವತ್ತು ದಾಟಿತು. ಹಾಗಾದರೆ ನಿದ್ದೆ ತರದ ಮಾತ್ರೆ ಯಾವುದು?

ಬೀದರ್ ಮೆಡಿಕಲ್ ಶಾಪ್: ಫೆಕ್ಸೋಫೆನಡಿನ್, ಲೊರಾಟಡಿನ್ ತುಂಬಾ ಕಡಿಮೆ ಮಂಪರು ತರುತ್ತವೆ. ಸಿಟ್ರಿಜಿನ್ ಕೆಲವರನ್ನು ಮಲಗಿಸುತ್ತೆ. ಫೆಕ್ಸೋಫೆನಡಿನ್ ಅನ್ನು ನೀರಿನ ಜೊತೆಯೇ ನುಂಗಿ, ಕಿತ್ತಳೆ ಅಥವಾ ಸೇಬಿನ ಜ್ಯೂಸ್ ಕುಡಿದರೆ ಮೈಗೆ ಸರಿಯಾಗಿ ಹತ್ತದು. ಕಿಡ್ನಿ ತೊಂದರೆ ಇದ್ದರೆ ಡಾಕ್ಟ್ರನ್ನು ಕೇಳದೆ ಯಾವುದೂ ಬೇಡ.

ಶಹಾಪುರ ಸೊಸೆ: ಮಕ್ಕಳಿಗೂ ಅಷ್ಟೇ. ಕ್ಲೋರ್ಫೆನಿರಮಿನ್ ಜೊತೆ ಫಿನೈಲೆಫ್ರಿನ್ (ಕಟ್ಟಿದ ಮೂಗು ಬಿಡಿಸುವ ಔಷಧಿ) ಇರುವ ನೆಗಡಿ ಸಿರಪ್ ನಾಲ್ಕು ವರ್ಷದೊಳಗಿನವರಿಗೆ ಬೇಡ ಅಂತ 2023ರಲ್ಲೇ ಸರ್ಕಾರ ಹೇಳಿದೆ.

ಸೇಡಂ ನರ್ಸ್: ಮೂಗು ಕಟ್ಟುವುದೇ ಜಾಸ್ತಿ ಇದ್ದರೆ ಮಾತ್ರೆಗಿಂತ ಡಾಕ್ಟ್ರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಮೇಲು, ಆದರೆ ಕೆಲಸ ಮಾಡೋಕೆ ಕೆಲವು ದಿನ ಬೇಕು. ಇನ್ನೊಂದು: ತುಟಿ ಊದಿದರೆ, ಉಸಿರು ಸಿಕ್ಕಿಕೊಂಡರೆ ಮಾತ್ರೆ ನುಂಗಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಅಲ್ಲಿ ಬೇಕಾದದ್ದು ಅಡ್ರಿನಾಲಿನ್ ಇಂಜೆಕ್ಷನ್.

ಜೇವರ್ಗಿ ರೈತ: ಇವತ್ತು ಮುಖಕ್ಕೆ ಒದ್ದೆ ಟವಲ್ ಕಟ್ಟಿಕೊಂಡೆ, ಗಾಳಿ ಹಿಂದಿನಿಂದ ಬರೋ ಹಾಗೆ ನಿಂತೆ. ಸೀನು ಅರ್ಧ ಆಯ್ತು. ನೆಗಡಿ ಮಾತ್ರೆ ತಿಪ್ಪೆಗೆ ಹೋಯ್ತು. ನಾಳೆ ಬೈಕ್ ತಮ್ಮ ಓಡಿಸ್ತಾನೆ, ನಾನು ಹಿಂದೆ ಕೂರ್ತೀನಿ.