ಬೇಸಿಗೆ ರಜೆಗೆ ಮಕ್ಕಳ ಕೈಲಿ ಬನ್, ಬ್ರೆಡ್, ಖಾರಾ ಬಿಸ್ಕೀಟ್: ಮಾಡಿ ಗೊತ್ತಿದ್ದವರು ಹೇಳಿ

ಕೇಳಿದವರು, ಬಳ್ಳಾರಿ
ಮನೆಯಲ್ಲಿ 5 ಮತ್ತು 9 ವರ್ಷದ ಮಕ್ಕಳಿದ್ದಾರೆ. ರಜೆಯಲ್ಲಿ ಅವರ ಕೈಲೇ ಬನ್ ಮಾಡಿಸೋಣ ಅಂತ. ಓವನ್ ಇಲ್ಲ, ಗ್ಯಾಸ್ ಒಲೆ ಅಷ್ಟೆ. ವಿಡಿಯೋದಲ್ಲಿ ಹೇಳಿದಂತೆ ಒಂದೂವರೆ ಗಂಟೆ ಮುಚ್ಚಿಟ್ಟರೆ ಹಿಟ್ಟು ಉಬ್ಬಿ ಕುಸಿಯುತ್ತೆ, ಹುಳಿ ವಾಸನೆ ಬೇರೆ. ಪೂರ್ತಿ ಮೈದಾ ಬೇಡ. ಮಕ್ಕಳು ಕಾದ ಎಣ್ಣೆ ಹತ್ತಿರ ಬರಬಾರದು, ಹಾಗಾಗಿ ಕರಿಯದ ತಿಂಡಿ ಏನಾದರೂ ಇದ್ದರೆ ಅದನ್ನೂ ಹೇಳಿ.

ಗಂಗಾವತಿ
ಗಡಿಯಾರ ನೋಡಬೇಡಿ ಮೇಡಂ, ಹಿಟ್ಟು ನೋಡಿ. ಆ ಒಂದೂವರೆ ಗಂಟೆಯ ಲೆಕ್ಕ 25 ಡಿಗ್ರಿ ಇರೋ ಅಡುಗೆಮನೆಯದ್ದು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಒಳಗೇ 35 ದಾಟಿರುತ್ತೆ. ಅಷ್ಟು ಶಾಖದಲ್ಲಿ ಅದೇ ಯೀಸ್ಟ್ 35–40 ನಿಮಿಷಕ್ಕೆ ಕೆಲಸ ಮುಗಿಸುತ್ತೆ. ಮೇಲೆ ಇನ್ನೂ ಬಿಟ್ಟರೆ ಒಳಗಿನ ಗಾಳಿ ಹಿಡಿದಿಡೋ ಶಕ್ತಿ ಹಿಟ್ಟಿಗೆ ಉಳಿಯಲ್ಲ, ಕುಸಿಯುತ್ತೆ. ಹುಳಿ ವಾಸನೆಯೂ ಅದರದ್ದೇ. ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದಿರೋದರಿಂದ ಸುಟ್ಟಾಗ ಬಣ್ಣವೂ ಬರಲ್ಲ.

ಆರು ಬನ್‌ಗೆ ಅಳತೆ: ಮೈದಾ 150 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಸಕ್ಕರೆ 1 ದೊಡ್ಡ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಬೆಣ್ಣೆ ಅಥವಾ ಎಣ್ಣೆ 20 ಗ್ರಾಂ, ನೀರು ಅಥವಾ ಹಾಲು 160–165 ಮಿ.ಲೀ. ಇನ್‌ಸ್ಟಂಟ್ ಯೀಸ್ಟ್ ಬೇಸಿಗೆಗೆ ಅರ್ಧ ಟೀ ಚಮಚ ಸಾಕು, ಡಿಸೆಂಬರ್ ಚಳಿಗೆ ಪೂರ್ತಿ ಒಂದು. ನೀರಲ್ಲಿ 20 ಮಿ.ಲೀ. ಹಿಂದಿಟ್ಟುಕೊಂಡು ಬೇಕಾದರೆ ಮಾತ್ರ ಸೇರಿಸಿ, ಒಂದೊಂದು ಗಿರಣಿಯ ಗೋಧಿ ಹಿಟ್ಟು ಒಂದೊಂದು ಥರ ನೀರು ಕುಡಿಯುತ್ತೆ. ಬೇಸಿಗೆಯಲ್ಲಿ ಬೆಚ್ಚನೆ ನೀರು ಬೇಡವೇ ಬೇಡ, ಮಣ್ಣಿನ ಗಡಿಗೆ ನೀರು ಹಾಕಿ.

ಎಲ್ಲ ಕಲಸಿ 20 ನಿಮಿಷ ಮುಚ್ಚಿಟ್ಟುಬಿಡಿ. ಆ ಹೊತ್ತಲ್ಲಿ ಹಿಟ್ಟು ತಾನೇ ಅರ್ಧ ನಾದಿಕೊಂಡಿರುತ್ತೆ. ಆಮೇಲೆ ನಾಲ್ಕೈದು ನಿಮಿಷ ನಾದಿದರೆ ಸಾಕು, ಮಕ್ಕಳ ಕೈ ಸೋಲಲ್ಲ. ಹಿಟ್ಟು ದುಪ್ಪಟ್ಟಾದ ಮೇಲೆ ಬೆರಳಿಗೆ ಎಣ್ಣೆ ಹಚ್ಚಿ ಒತ್ತಿ ನೋಡಿ. ಗುಳಿ ತಕ್ಷಣ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನಕ್ಕೆ ಅರ್ಧ ಮುಚ್ಚಿದರೆ ಸರಿಯಾಗಿದೆ. ಸುತ್ತಲೂ ಪುಸ್ಸನೆ ಇಳಿದರೆ ಮೀರಿದೆ, ಅದನ್ನು ಬನ್ ಮಾಡೋಕೆ ಹೋಗದೆ ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಬೇಯಿಸಿ. ನಾನ್ ಥರ ಆಗುತ್ತೆ, ಮಕ್ಕಳು ಬೇಡ ಅನ್ನಲ್ಲ.

ಸಿಂಧನೂರು
ಅಕ್ಕಾರ, ಬ್ಯಾಸಗಿಗೆ ಇನ್ನೊಂದು ದಾರಿ ಅದ. ರಾತ್ರಿ ಕಲಸಿ ಫ್ರಿಜ್ಜಿನಾಗ ಇಡ್ರಿ. ಯೀಸ್ಟ್ ಕಾಲು ಟೀ ಚಮಚ ಸಾಕು. ಎಣ್ಣಿ ಸವರಿದ ಡಬ್ಬಿ ಹಿಟ್ಟಿನ ಮೂರು ಪಟ್ಟು ದೊಡ್ಡದಿರಲಿ, ಮುಚ್ಚಳ ಸಡ್ಲ ಇರಲಿ. ಎಂಟು-ಹತ್ತು ತಾಸಿನಾಗ ಸಾವಕಾಶ ಉಬ್ಬತದ, ರುಚಿನೂ ಛಲೋ ಬರ್ತದ. ಮುಂಜಾನಿ ಏಳಕ್ಕ ಹೊರಗ ತಗದು ಮಕ್ಕಳ ಕೈಗೆ ಕೊಡ್ರಿ. ತಣ್ಣಗಿರೋ ಹಿಟ್ಟು ಕೈಗೆ ಅಂಟಂಗಿಲ್ಲ, ಬಿಸಿಲು ಏರೋದ್ರಾಗ ಕೆಲಸ ಮುಗಿತದ. ರಾತ್ರಿ ಕರೆಂಟ್ ಒಂದೆರಡು ತಾಸು ಹೋದರ ಫ್ರಿಜ್ ಬಾಗಿಲಾ ತಗೀಬ್ಯಾಡ್ರಿ, ಏನೂ ಆಗಂಗಿಲ್ಲ.

ಐದು ವರ್ಷದ ಕೂಸಿಗೆ ಇಡೀ ಹಿಟ್ಟು ನಾದಾಕ ಕೊಡಬ್ಯಾಡ್ರಿ, ಎರಡು ನಿಮಿಷಕ್ಕ ಬ್ಯಾಸರ ಬರ್ತದ. ನಿಂಬೆಹಣ್ಣಿನಷ್ಟು ಉಂಡಿ ಬ್ಯಾರೇನ ಕೊಡ್ರಿ. ಹಾಲು ಸವರೋದು, ಎಳ್ಳು ಉದುರಿಸೋದು, ಬೆರಳಿಂದ ಗುಳಿ ಒತ್ತಿ ನೋಡೋದು, ಈ ಮೂರೂ ಅದರ ಕೆಲಸ. ಒಂಬತ್ತು ವರ್ಷದವರು ತಕ್ಕಡಿ ಹಿಡದು ಅಳತಿ ಮಾಡಲಿ, ಟೈಮ್ ಬರದಿಡಲಿ, ಹಿಟ್ಟಿನ ಜಡಿ ಹೆಣೀಲಿ. ಒಲಿ ಹಚ್ಚೋದು, ಬಿಸಿ ಪಾತ್ರಿ ಎತ್ತೋದು ನಿಮ್ಮದು.

ಮಕ್ಕಳು ಮಾಡೋ ತಪ್ಪು ಒಂದೇ. ಕೈಗೆ ಅಂಟ್ತು ಅಂತ ಒಣ ಹಿಟ್ಟು ಸುರೀತಾನೇ ಹೋಗ್ತಾರ. ಒಂದು ಹಿಡಿ ಹೆಚ್ಚಾದರೂ ಬನ್ ಕಲ್ಲಾಗ್ತದ. ಒಣ ಹಿಟ್ಟಿನ ಡಬ್ಬಿ ಮ್ಯಾಲ ಎತ್ತಿಟ್ಟು, ಸಣ್ಣ ಬಟ್ಟಲದಾಗ ಎಣ್ಣಿ ಇಡ್ರಿ. ಅಂಟಿದರ ಬೆರಳು ಅದರಾಗ ಅದ್ದಲಿ.

ಕುಷ್ಟಗಿ
ಓವನ್ ಇಲ್ಲದವರಿಗೆ. ಎಲ್ಲರೂ ಕುಕ್ಕರ್ ಅಂತಾರೆ, ನಾನು ಬೇಡ ಅಂತೀನಿ. ಖಾಲಿ ಕುಕ್ಕರ್ ಮುಕ್ಕಾಲು ಗಂಟೆ ಒಣ ಶಾಖದಲ್ಲಿ ಕೂತರೆ ತಳ ಸೊಟ್ಟಾಗಬಹುದು, ಆಮೇಲೆ ಅದು ಅನ್ನಕ್ಕೂ ಬರಲ್ಲ. ಹಳೇ ದಪ್ಪ ಕಡಾಯಿ ಅಥವಾ ಬೋಗುಣಿ ತಗೊಳ್ಳಿ. ನಾನ್‌ಸ್ಟಿಕ್ ಬೇಡ, ಖಾಲಿ ಕಾಯಿಸಿದರೆ ಅದರ ಲೇಪ ಹಾಳಾಗುತ್ತೆ. ತಳಕ್ಕೆ ಒಂದು ಇಂಚು ಹರಳುಪ್ಪು, ಅದರ ಮೇಲೆ ಸ್ಟ್ಯಾಂಡ್, ಬಿಗಿಯಾದ ಮುಚ್ಚಳ. ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ, ಆಮೇಲೆ ಬನ್ ಇಟ್ಟ ತಟ್ಟೆ ಒಳಗಿಡಿ. ಉರಿ ಸಣ್ಣದಕ್ಕಿಂತ ತುಸು ಮೇಲೆ, 25–30 ನಿಮಿಷ. ಮೊದಲ 20 ನಿಮಿಷ ಮುಚ್ಚಳ ತೆಗೀಬಾರದು. ಮಕ್ಕಳು ಇಣುಕೋಕೆ ಕೇಳೇ ಕೇಳ್ತಾರೆ, ಗಾಜಿನ ಮುಚ್ಚಳ ಇದ್ದರೆ ಆ ಗಲಾಟೆ ಇರಲ್ಲ. ತಟ್ಟೆ ಕಡಾಯಿ ಅಂಚಿಗೆ ತಾಗದಂತೆ ಸುತ್ತಲೂ ಒಂದು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಒಂದು ಪಕ್ಕ ಕರಕಾಗುತ್ತೆ. ಬನ್ ಬೆಂದಿದೆಯಾ ಅಂತ ತಿಳಿಯೋಕೆ ತಿರುಗಿಸಿ ತಳ ತಟ್ಟಿ, ಟೊಳ್ಳು ಸದ್ದು ಬರಬೇಕು. ಆ ಉಪ್ಪು ಆರಿಸಿ ಬೇರೆ ಡಬ್ಬಿಗೆ ಹಾಕಿಡಿ, ಮುಂದಿನ ಸಲಕ್ಕೂ ಬರುತ್ತೆ, ಅಡುಗೆಗೆ ಮಾತ್ರ ಬಳಸಬೇಡಿ.

ರಾಯಚೂರು
ಮೈದಾ ಕಡಿಮೆ ಮಾಡೋಕೆ ಜೋಳದ ಹಿಟ್ಟು ಹಾಕಬಹುದಾ ಅಂತ ಯಾರಾದರೂ ಕೇಳೇ ಕೇಳ್ತಾರೆ. ಹಾಕಬಹುದು, ಆದರೆ 250 ಗ್ರಾಂನಲ್ಲಿ 50 ಗ್ರಾಂ ಮೀರಬಾರದು. ಜೋಳದಲ್ಲಿ ಗ್ಲುಟನ್ ಇಲ್ಲ, ಗಾಳಿ ಹಿಡಿಯೋ ಜಿಗುಟು ಅದಕ್ಕೆ ಬರಲ್ಲ. ರೊಟ್ಟಿಗೆ ಬಿಸಿನೀರಲ್ಲಿ ಕಲಸೋದು ಆ ಕೊರತೆ ತುಂಬೋಕೇನೇ. ಬನ್‌ಗೂ ಹಾಗೇ ಮಾಡಿ: 50 ಗ್ರಾಂ ಜೋಳದ ಹಿಟ್ಟಿಗೆ 60 ಮಿ.ಲೀ. ಕುದಿಯೋ ನೀರು ನೀವೇ ಸುರಿದು ಕಲಸಿ, ಪೂರ್ತಿ ಆರಿದ ಮೇಲೆ 120 ಗ್ರಾಂ ಮೈದಾ, 80 ಗ್ರಾಂ ಗೋಧಿ ಜೊತೆ ಸೇರಿಸಿ. ಬಿಸಿ ಇರುವಾಗಲೇ ಯೀಸ್ಟ್ ಹಾಕಿದರೆ ಅದು ಸಾಯುತ್ತೆ, 55–60 ಡಿಗ್ರಿ ಮುಟ್ಟಿದರೆ ಮುಗೀತು. ಉಳಿದ ನೀರು 110 ಮಿ.ಲೀ. ಸುಮಾರು. ಬನ್ ಮೆತ್ತಗಿರುತ್ತೆ, ಆದರೆ ಬೇಕರಿಯದ್ದರಷ್ಟು ಉಬ್ಬಲ್ಲ. ಅದನ್ನು ಮೊದಲೇ ಮಕ್ಕಳಿಗೆ ಹೇಳಿಬಿಡಿ.

ಬೋರ್ ನೀರು ಸವಳಾಗಿದ್ದರೆ ಕುಡಿಯೋ ನೀರಲ್ಲೇ ಕಲಸಿ.

ಸಿರುಗುಪ್ಪ
ಆಕಾರದ ಬಗ್ಗೆ ಯಾರೂ ಹೇಳಲಿಲ್ಲ, ಮಕ್ಕಳಿಗೆ ಬೇಕಾಗಿರೋದು ಅದೇ. ಆಮೆ, ಹಾವು, ಬಸವನಹುಳು ಮಾಡ್ತಾರೆ. ಕಾಲು, ಬಾಲ ಕಡ್ಡಿಯಷ್ಟು ಸಣ್ಣಗಾದರೆ ಹೊಟ್ಟೆ ಬೇಯೋ ಮೊದಲೇ ಅವು ಸುಟ್ಟಿರುತ್ತವೆ. ನಿಮ್ಮ ಹೆಬ್ಬೆರಳಷ್ಟು ದಪ್ಪ ಇರಲಿ. ಕಣ್ಣಿಗೆ ದ್ರಾಕ್ಷಿ ಮೇಲಿಟ್ಟರೆ ಕರಕಾಗಿ ಕಹಿಯಾಗುತ್ತೆ, ಕರಿ ಎಳ್ಳು ಒತ್ತಿ. ಮಾಡಿಟ್ಟ ಮೇಲೆ ಒದ್ದೆ ಬಟ್ಟೆ ಹಿಂಡಿ ಮುಚ್ಚಬೇಕು, ನಮ್ಮ ಬಿಸಿಗಾಳಿಗೆ ಹತ್ತೇ ನಿಮಿಷದಲ್ಲಿ ಮೇಲ್ಗಡೆ ಒಣಗಿ ಸೀಳುತ್ತೆ. ಈ ಎರಡನೇ ಉಬ್ಬು ಬೇಸಿಗೆಯಲ್ಲಿ 20 ನಿಮಿಷ, ಅದಕ್ಕೇ ಉಬ್ಬೋಕೆ ಇಟ್ಟ ಕೂಡಲೇ ಕಡಾಯಿ ಸಿದ್ಧ ಮಾಡಿಕೊಳ್ಳಿ. ಖಾರ ತಿನ್ನೋ ಮನೆಯಾದರೆ ಹಿಟ್ಟು ಲಟ್ಟಿಸಿ ಶೇಂಗಾ ಚಟ್ನಿಪುಡಿಗೆ ತುಪ್ಪ ಕಲಸಿ ಸವರಿ, ಚಾಪೆ ಸುತ್ತಿದಂಗೆ ಸುತ್ತಿ ತುಂಡು ಮಾಡಿ. ಪುಡಿ ನುಣ್ಣಗಿರಲಿ, ತರಿ ಇದ್ದರೆ ಸುರುಳಿ ಬಿಚ್ಚಿಕೊಳ್ಳುತ್ತೆ.

ಕರಿಯದ ಖಾರಾ ಬಿಸ್ಕೀಟ್: ಗೋಧಿ ಹಿಟ್ಟು 200 ಗ್ರಾಂ, ಅಕ್ಕಿ ಹಿಟ್ಟು 1 ದೊಡ್ಡ ಚಮಚ, ಎಣ್ಣೆ 50 ಮಿ.ಲೀ., ಉಪ್ಪು ಮುಕ್ಕಾಲು ಟೀ ಚಮಚ, ಅಜವಾನ ಅರ್ಧ ಟೀ ಚಮಚ, ಖಾರದಪುಡಿ ಅರ್ಧ ಟೀ ಚಮಚ, ಎಳ್ಳು 1 ದೊಡ್ಡ ಚಮಚ. ಮೊದಲು ಎಣ್ಣೆ ಹಿಟ್ಟಿಗೆ ತಿಕ್ಕಬೇಕು, ಹಿಡಿದರೆ ಮುಷ್ಟಿಯಲ್ಲಿ ನಿಲ್ಲೋವರೆಗೆ. ಇದು ಚಿಕ್ಕವರಿಗೆ ಹೇಳಿ ಮಾಡಿಸಿದ ಕೆಲಸ. ಆಮೇಲೆ 40 ಗ್ರಾಂ ಮೊಸರು, ಸ್ವಲ್ಪ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ. ನಾದಬೇಡಿ, ನಾದಿದರೆ ಗರಿ ಹೋಗಿ ಜಗಿಜಗಿಯಾಗುತ್ತೆ. 3 ಮಿ.ಮೀ. ದಪ್ಪ ಲಟ್ಟಿಸಿ, ಫೋರ್ಕ್‌ನಿಂದ ಎಲ್ಲ ಕಡೆ ಚುಚ್ಚಿ, ಶಂಕರಪೋಳಿ ಥರ ಕತ್ತರಿಸಿ. ಚುಚ್ಚದಿದ್ದರೆ ಪೂರಿ ಥರ ಉಬ್ಬಿ ಒಳಗೆ ಹಸಿ ಉಳಿಯುತ್ತೆ. ಹಂಚಿನ ಮೇಲೆ ಸಣ್ಣ ಉರಿ, ಒಂದೊಂದು ಬದಿ 6–7 ನಿಮಿಷ. ಓವನ್ ಇರೋರು 170 ಡಿಗ್ರಿಗೆ 15–18 ನಿಮಿಷ. ಬಿಸಿ ಇರುವಾಗ ಮೆತ್ತಗಿರುತ್ತೆ, ಆರಿದ ಮೇಲೆ ಗರಿಯಾಗುತ್ತೆ, ಗಾಬರಿಯಾಗಿ ಮತ್ತೆ ಸುಡಬೇಡಿ.

ಲಿಂಗಸುಗೂರು
ಒಂದೇ ಮಾತು: ಹಸಿ ಹಿಟ್ಟು ಬಾಯಿಗೆ ಹಾಕೋಕೆ ಬಿಡಬೇಡಿ. ಹಸಿ ಮೈದಾ, ಗೋಧಿಯಲ್ಲೂ ಹೊಟ್ಟೆ ಕೆಡಿಸೋ ಸೂಕ್ಷ್ಮಜೀವಿ ಇರಬಹುದು. ಪಕ್ಕದ ಮನೆ ಮೂರು-ನಾಲ್ಕು ವರ್ಷದ ಮಕ್ಕಳೂ ಬಂದು ಕೂತರೆ ಇಡೀ ಶೇಂಗಾ ಕಾಳು ಎಲ್ಲಿಯೂ ಇರಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಕೇಳಿದವರು, ಬಳ್ಳಾರಿ
ಎಲ್ಲರಿಗೂ ಧನ್ಯವಾದ. ಕಡಾಯಿಯಲ್ಲಿ ಮಾಡಿದರೆ ಮೇಲ್ಗಡೆ ಬೆಳ್ಳಗೇ ಉಳಿಯಲ್ವಾ? ಮತ್ತೆ ಉಳಿದದ್ದು ಈ ಸೆಕೆಯಲ್ಲಿ ಎಷ್ಟು ದಿನ ಇರುತ್ತೆ?

ಕುಷ್ಟಗಿ
ಉಳಿಯುತ್ತೆ. ಶಾಖ ಕೆಳಗಿಂದ ಬರೋದು, ಹಾಲು ಸವರಿದರೂ ಮೇಲೆ ಬಣ್ಣ ಅಷ್ಟಕ್ಕಷ್ಟೆ. ಬೆಂದ ಮೇಲೆ ಕಾದ ಹಂಚಿಗೆ ಬೆಣ್ಣೆ ಸವರಿ ಬನ್ ಬೋರಲು ಹಾಕಿ, ಒಂದು ನಿಮಿಷಕ್ಕೆ ಕೆಂಪಾಗುತ್ತೆ. ಆಮೇಲೆ ಬಟ್ಟೆ ಮುಚ್ಚಿಟ್ಟರೆ ಮೇಲ್ಪದರ ಮೆತ್ತಗಾಗುತ್ತೆ.

ಗಂಗಾವತಿ
ಅಂಗಡಿ ಬ್ರೆಡ್‌ಗೆ ಬೂಸ್ಟು ಬರದಂತೆ ಏನಾದರೂ ಹಾಕಿರುತ್ತಾರೆ, ಇದಕ್ಕೆ ಅದಿಲ್ಲ. ಹೊರಗೆ ಒಂದೂವರೆ ದಿನದ ಮೇಲೆ ನಂಬಬೇಡಿ. ಬಿಸಿ ಇರುವಾಗ ಡಬ್ಬಿಗೆ ಹಾಕಿದರೆ ಬೆವರಿ ಇನ್ನೂ ಬೇಗ ಕೆಡುತ್ತೆ. ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಬೂಸ್ಟು ತಡವಾಗುತ್ತೆ, ಆದರೆ ಬನ್ ಬೇಗ ಬಿರುಸಾಗುತ್ತೆ. ಫ್ರೀಜರ್‌ನಲ್ಲಿ ಗಾಳಿ ಹೋಗದಂತೆ ಕಟ್ಟಿಟ್ಟರೆ ಎರಡು-ಮೂರು ವಾರ ಇರುತ್ತೆ. ಬೇಕಾದಾಗ ಅರ್ಧ ಗಂಟೆ ಹೊರಗಿಟ್ಟು, ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಿದ ಹಂಚಿನ ಮೇಲೆ ಬೆಚ್ಚಗೆ ಮಾಡಿ. ಯೀಸ್ಟ್ ಪ್ಯಾಕೆಟ್ ಒಡೆದ ಮೇಲೆ ಅದನ್ನೂ ಗಟ್ಟಿ ಮುಚ್ಚಿ ಫ್ರಿಜ್‌ನಲ್ಲೇ ಇಡಿ. ಒಲೆ ಪಕ್ಕದ ಕಪಾಟಿನಲ್ಲಿಟ್ಟರೆ ಬೇಗ ಶಕ್ತಿ ಕಳ್ಕೊಳ್ಳುತ್ತೆ. ಅನುಮಾನ ಬಂದರೆ ಕಾಲು ಲೋಟ ಉಗುರುಬೆಚ್ಚಗಿನ ನೀರಿಗೆ ಚಮಚ ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ ಮಕ್ಕಳ ಮುಂದಿಡಿ. ಹತ್ತು ನಿಮಿಷಕ್ಕೆ ನೊರೆ ಬರದಿದ್ದರೆ ಎಸೆದು ಹೊಸದು ತನ್ನಿ.